ಎಳೆ ಕಲ್ಲಂಗಡಿಯ ಮೊದಲ ವಾರ: ಜೆಲ್, ನಾರಿನ ಪುಡಿ, ಗರಿಯ ನೆರಳು

ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಫೆಬ್ರವರಿ ಕೊನೆಗೆ ಕಲ್ಲಂಗಡಿ ನಾಟಿ ಮಾಡುವವರಿಗೆ ಮಾವಿನ ಹಣ್ಣೇ ಗಡುವು. ಶ್ರೀನಿವಾಸಪುರದ ಮಂಡಿಗಳಿಗೆ ಮಾವು ತುಂಬಿ ಬರತೊಡಗಿದರೆ ಕಲ್ಲಂಗಡಿ ಕೇಳುವವರು ಕಡಿಮೆಯಾಗುತ್ತಾರೆ. ನಾಟಿಯಾಗಿ 65 ದಿನದ ಆಸುಪಾಸಿಗೆ ಕೊಯ್ಲಿಗೆ ಬರುವ ತಳಿಯಾದರೆ ಮೇ ಮೊದಲ ವಾರಕ್ಕೆ ಇಡೀ ಹೊಲ ಒಂದೇ ಸಲ ಲಾರಿ ಹತ್ತಬೇಕು. ನಾಟಿಯಾದ ವಾರದಲ್ಲಿ ಸತ್ತ ಸಸಿಯ ಜಾಗಕ್ಕೆ ಇನ್ನೊಂದನ್ನು ತಡವಾಗಿ ಇಟ್ಟರೆ ಅದರ ಕಾಯಿ ಹಿಂದೆ ಬೀಳುತ್ತದೆ. ಆ ನಾಲ್ಕು ಕಾಯಿಗಾಗಿ ವ್ಯಾಪಾರಿ ಮತ್ತೆ ಗಾಡಿ ತರುವುದಿಲ್ಲ. ಹಾಗಾಗಿ ಮೊದಲ ವಾರ ಒಂದು ಸಸಿಯೂ ಸಾಯದಂತೆ ನೋಡಿಕೊಳ್ಳುವುದೇ ಈ ಬೆಳೆಯ ಅರ್ಧ ಕೆಲಸ. ಚಿಂತಾಮಣಿ ಹತ್ತಿರದ ಒಂದು ಎಕರೆ ಕೆಂಪು ಮರಳು ಮಿಶ್ರಿತ ಹೊಲದಲ್ಲಿ ಅಂಥ ನಾಟಿ ಹೇಗೆ ನಡೆಯಿತು, ಅದರ ಬೆನ್ನಿಗಿದ್ದ ವಾರದಲ್ಲಿ ಏನೇನು ಕಂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಏರು ಮಡಿಗಳ ನಡುವೆ 6 ಅಡಿ. ಡ್ರಿಪ್ ಪೈಪಿನಲ್ಲಿ 40 ಸೆಂ.ಮೀ.ಗೊಂದು ತೂತು, ಗಂಟೆಗೆ 2 ಲೀಟರ್. ಸಸಿಯನ್ನೂ ಅದೇ 40 ಸೆಂ.ಮೀ. ಅಂತರಕ್ಕೆ ಹೊಂದಿಸಿದರೆ ಎಕರೆಗೆ ಸುಮಾರು 5,500 ಸಸಿ ಬೇಕು. ಹತ್ತನೇ ಒಂದು ಪಾಲು ಹೆಚ್ಚುವರಿ ಸೇರಿಸಿ 98 ಗುಳಿಯ 62 ಟ್ರೇ ಬೆಳೆಸಿದ್ದಾಯಿತು. ಕಲ್ಲಂಗಡಿ ಸಸಿ ಟ್ರೇಯಲ್ಲಿ ಇರಬೇಕಾದದ್ದು 12ರಿಂದ 15 ದಿನ ಮಾತ್ರ. ಎರಡನೇ ನಿಜವಾದ ಎಲೆ ಬಿಚ್ಚುವ ಹೊತ್ತಿಗೆ ಹೊಲದಲ್ಲಿರಬೇಕು. ಟೊಮೆಟೊ ಸಸಿಯನ್ನು 25 ದಿನ ಇಟ್ಟುಕೊಂಡ ಅಭ್ಯಾಸದಲ್ಲಿ ಇದನ್ನೂ ಇಟ್ಟುಕೊಂಡರೆ ಬೇರು ಗುಳಿಯೊಳಗೇ ಸುತ್ತುತ್ತದೆ. ಸುತ್ತಿದ ಬೇರು ಹೊಲದ ಮಣ್ಣಿಗೆ ಇಳಿಯಲು ತಡ ಮಾಡುತ್ತದೆ, ಬಿಸಿಲು ಅಲ್ಲಿಯವರೆಗೆ ಕಾಯುವುದಿಲ್ಲ.

ಟ್ರೇಗೆ ತುಂಬುವ ತೆಂಗಿನ ನಾರಿನ ಪುಡಿ ತಿಪಟೂರು ಕಡೆಯಿಂದ ಬರುತ್ತದೆ. ಗೊಬ್ಬರದ ಅಂಗಡಿಯಲ್ಲಿ ಕೋಕೋಪೀಟ್ ಎಂದರೆ 5 ಕೆಜಿ ಬ್ಲಾಕ್ ಕೊಡುತ್ತಾರೆ, ನೀರಲ್ಲಿ ನೆನೆಸಿದರೆ 70–75 ಲೀಟರ್ ಆಗುತ್ತದೆ. ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು ತೊಳೆದದ್ದೋ ಅಲ್ಲವೋ ಎಂಬುದು. ತೊಳೆಯದ ಹೊಸ ಪುಡಿಯಲ್ಲಿ ಉಪ್ಪು ಹೆಚ್ಚು. ಬೀಜದೆಲೆಯ ಅಂಚು ಕಂದಾಗಿ ಸುಟ್ಟಂತೆ ಕಂಡರೆ ನೀರಿನ ಕೊರತೆ ಎಂದುಕೊಂಡು ಮತ್ತಷ್ಟು ನೀರು ಹಾಕುತ್ತಾರೆ. ಅಲ್ಲಿ ಕೆಲಸ ಮಾಡುತ್ತಿರುವುದು ಉಪ್ಪು. ಎರಡು ಮೂರು ಸಲ ಒಳ್ಳೆಯ ನೀರಲ್ಲಿ ನೆನೆಸಿ, ಕಂದು ನೀರು ಬಸಿದು ತಿಳಿಯಾದ ಮೇಲೆ ಬಳಸಿದರೆ ಈ ತೊಂದರೆ ಇಲ್ಲ. ತುಂಬುವಾಗ ಹಿಡಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗಬೇಕು, ಧಾರೆಯಾಗಿ ಇಳಿಯಬಾರದು.

ನರ್ಸರಿಯಲ್ಲಿ ನೆರಳು ಪರದೆಯನ್ನು ಅತಿಯಾಗಿ ಬಳಸುವುದು ನಮ್ಮ ಕಡೆಯ ದೊಡ್ಡ ಚಾಳಿ. ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸಿ, ಎರಡು ಮೂರು ದಿನಕ್ಕೆ ಮೊಳಕೆ ಮಣ್ಣು ಎತ್ತುವುದು ಕಂಡ ಕೂಡಲೇ ಬಿಡಿಸಿ ಹರಡಬೇಕು. ಅರ್ಧ ದಿನ ತಡವಾದರೂ ಕಾಂಡ ಬೆಳ್ಳಗೆ ಉದ್ದವಾಗುತ್ತದೆ. ಆಮೇಲೆ 50 ಶೇಕಡಾ ಪರದೆಯ ಕೆಳಗೆ ಮೊದಲ ನಾಲ್ಕೈದು ದಿನ ಸಾಕು. ಪೂರ್ತಿ ಎರಡು ವಾರ ಅದರಡಿಯಲ್ಲೇ ಇದ್ದ ಸಸಿ ಹಸಿರಾಗಿ, ಎತ್ತರವಾಗಿ, ನೋಡಲು ಚಂದ ಕಾಣುತ್ತದೆ. ಹೊಲಕ್ಕೆ ಬಂದ ದಿನವೇ ಗಾಳಿಗೆ ಮಲಗುತ್ತದೆ. ನಾಟಿಗೆ ನಾಲ್ಕು ದಿನ ಮೊದಲಿಂದ ಬೆಳಗಿನ ಬಿಸಿಲಿಗೆ ಟ್ರೇ ಹೊರಗಿಟ್ಟು, ನೀರನ್ನು ಸ್ವಲ್ಪ ಹಿಡಿದರೆ ಕಾಂಡ ಗಿಡ್ಡವಾಗಿ ಗಟ್ಟಿಯಾಗುತ್ತದೆ. ಕೊಳ್ಳುವವರು ಎತ್ತರ ನೋಡಬಾರದು. ಮಣ್ಣಿನಿಂದ ಬೀಜದೆಲೆಯವರೆಗಿನ ಕಾಂಡ ಎಷ್ಟು ಗಿಡ್ಡ, ಎಷ್ಟು ದಪ್ಪ ಎಂದು ನೋಡಬೇಕು.

ಈಗ ಜೆಲ್. ನೀರು ಹೀರಿ ಹಿಡಿದಿಡುವ ಈ ಹರಳುಗಳ ಬಗ್ಗೆ ಆಸೆ ಹುಟ್ಟಿಸುವ ಮಾತು ಬಹಳ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ಪೂಸಾ ಹೈಡ್ರೋಜೆಲ್ ತನ್ನ ತೂಕದ 350 ಪಟ್ಟಿಗೂ ಹೆಚ್ಚು ನೀರು ಹೀರುತ್ತದೆ, ಎಕರೆಗೆ 1ರಿಂದ 2 ಕೆಜಿ ಶಿಫಾರಸು. ಆದರೆ ಆ 350 ಪಟ್ಟು ಶುದ್ಧ ನೀರಿನ ಲೆಕ್ಕ. ನಮ್ಮ ಬೋರ್‌ವೆಲ್ ನೀರು ಡ್ರಿಪ್ಪರ್ ಬಾಯಿಗೆ ಬಿಳಿ ಸುಣ್ಣ ಕಟ್ಟುವಂಥದು. ಅದರಲ್ಲಿರುವ ಕ್ಯಾಲ್ಸಿಯಂ ಜೆಲ್‌ನ ಎಳೆಗಳನ್ನು ಒಂದಕ್ಕೊಂದು ಬಿಗಿದು ಹಿಗ್ಗಲು ಬಿಡುವುದಿಲ್ಲ. ಹೀರುವುದು ಅರ್ಧಕ್ಕಿಂತಲೂ ಕೆಳಗಿಳಿಯುವುದು ಸಾಮಾನ್ಯ. ಇದನ್ನು ನಂಬಲು ಪ್ರಯೋಗಾಲಯ ಬೇಡ: ಎರಡು ಬಕೆಟ್ಟಿಗೆ ತಲಾ 4 ಲೀಟರ್ ನೀರು, ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಮಳೆ ನೀರು. ಎರಡಕ್ಕೂ 10 ಗ್ರಾಂ ಜೆಲ್ ಹಾಕಿ, ಕಲಕಿ, ಎರಡು ಮೂರು ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ ಉಳಿದ ನೀರು ಅಳೆದರೆ ನಿಮ್ಮ ಹೊಲದ ಜೆಲ್‌ನ ತಾಕತ್ತು ಗೊತ್ತಾಗುತ್ತದೆ.

ಈ ಕಾರಣಕ್ಕೇ ಜೆಲ್ ನೆನೆಸಲು ಕೃಷಿ ಹೊಂಡದಲ್ಲಿ ನಿಂತ ಮಳೆ ನೀರನ್ನೇ ಬಳಸಿದ್ದು. 200 ಲೀಟರ್ ಡ್ರಮ್ಮಿಗೆ 500 ಗ್ರಾಂ, ಅಂಥ ಮೂರು ಡ್ರಮ್. ಒಬ್ಬರು ಕೋಲಿನಿಂದ ತಿರುವುತ್ತಿರಬೇಕು, ಇನ್ನೊಬ್ಬರು ಪುಡಿಯನ್ನು ಉದುರಿಸುತ್ತ ಹಾಕಬೇಕು. ಒಟ್ಟಿಗೆ ಸುರಿದರೆ ಹೊರಗೆ ಲೋಳೆ, ಒಳಗೆ ಒಣಪುಡಿ ಇರುವ ಉಂಡೆಯಾಗಿ ಕೂರುತ್ತದೆ. ರಾತ್ರಿ ನೆನೆದದ್ದು ಬೆಳಿಗ್ಗೆಗೆ ಉಬ್ಬಿತ್ತು. ನಾಟಿಗೆ ಬಂದಿದ್ದ ಅಕ್ಕ ಒಬ್ಬರು ಡ್ರಮ್ಮಿಗೆ ಕೈಹಾಕಿ ಎತ್ತಿ ನೋಡಿ, “ಏನಣ್ಣಾ ಇದು, ಬೇಯಿಸಿದ ಸಬ್ಬಕ್ಕಿ ಇದ್ದಂಗೈತೆ” ಎಂದರು. ನೋಡಲು ಹಾಗೇ ಇರುತ್ತದೆ: ಕಾಳು ಕಾಳಾಗಿ, ಮಸುಕಾಗಿ, ಬೆರಳ ನಡುವೆ ಒತ್ತಿದರೆ ಜಾರುತ್ತದೆಯೇ ಹೊರತು ಸುಲಭವಾಗಿ ನೀರು ಬಿಡುವುದಿಲ್ಲ.

ಮೂರು ಡ್ರಮ್ ಎಂದರೆ 600 ಲೀಟರ್. 5,500 ಸಸಿಗೆ ಹಂಚಿದರೆ ತಲಾ 110 ಮಿ.ಲೀ., ಒಂದು ಚಹಾ ಲೋಟ. ಬೋರ್ ನೀರಲ್ಲಿ ನೆನೆಸಿದ್ದರೆ ಜೆಲ್ ಹಿಡಿಯುತ್ತಿದ್ದುದು ಅದರ ಅರ್ಧವೂ ಅಲ್ಲ. ಈ ಲೆಕ್ಕ ಮಾಡಿದ ಮೇಲೆ, ಜೆಲ್ ಹಾಕಿದರೆ ಬೇಸಿಗೆಯಿಡೀ ನೀರು ಅರ್ಧ ಉಳಿಯುತ್ತದೆ ಎಂಬ ಮಾತನ್ನು ಒಪ್ಪಲಾಗುವುದಿಲ್ಲ. ಕಾಯಿ ಊದುವ ಹೊತ್ತಿನ ಬಳ್ಳಿಗೆ 110 ಮಿ.ಲೀ. ಯಾವ ಮೂಲೆಗೆ? ಅಂಗೈಯಗಲದ ಬೇರಿರುವ ಎಳೆ ಸಸಿಗೆ ಮಾತ್ರ ಅದು ದೊಡ್ಡ ಆಸ್ತಿ. ಜೆಲ್ ಸಸಿಗೆ, ನಾರಿನ ಪುಡಿ ಕುಣಿಗೆ, ಕೆರೆ ಗೋಡು (ಕೆರೆಯ ಹೂಳು ಮಣ್ಣು) ಮತ್ತು ಕೊಟ್ಟಿಗೆ ಗೊಬ್ಬರ ಇಡೀ ಹೊಲಕ್ಕೆ. ಮೂರರ ಕೆಲಸ ಬೇರೆ ಬೇರೆ, ಒಂದನ್ನು ಹಾಕಿ ಇನ್ನೊಂದನ್ನು ಬಿಡಲಾಗದು.

ಕೆರೆ ಗೋಡನ್ನು ಉಳುಮೆಗೆ ಮೊದಲೇ ತೆಳ್ಳಗೆ ಹರಡಿ ಮಣ್ಣಿಗೆ ಬೆರೆಸಬೇಕು. ಮಡಿಯ ಮೇಲೆ ದಪ್ಪಗೆ ಸುರಿದರೆ ಒಣಗಿ ಹೆಂಟೆಯಾಗುತ್ತದೆ. ಕುಣಿಗೆ ಮಾತ್ರ ತೊಳೆದ ನಾರಿನ ಪುಡಿ ಒಂದು ದೊಡ್ಡ ಹಿಡಿ, ಸುಮಾರು 200 ಮಿ.ಲೀ.; ಎಕರೆಗೆ 15 ಬ್ಲಾಕ್ ಬೇಕಾಗುತ್ತದೆ. ಅದರ ಜೊತೆ, ಬೇರು ಕೊಳೆ ತಡೆಯುವ ಶಿಲೀಂಧ್ರವಾದ ಟ್ರೈಕೋಡರ್ಮ ಬೆರೆಸಿ ಎರಡು ವಾರ ನೆರಳಲ್ಲಿ ಮಾಗಿಸಿದ, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಒಂದು ಹಿಡಿ. 100 ಕೆಜಿ ಗೊಬ್ಬರಕ್ಕೆ 1 ಕೆಜಿ ಟ್ರೈಕೋಡರ್ಮ ಸಾಕು.

ಹಿಂದಿನ ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಡ್ರಿಪ್ ಬಿಟ್ಟು ಮಡಿ ಮುಕ್ಕಾಲಡಿ ಆಳಕ್ಕೆ ನೆನೆಸಲಾಗಿತ್ತು. ನಾಟಿ ಶುರುವಾದದ್ದು ಮಧ್ಯಾಹ್ನ ಮೂರೂವರೆಯ ನಂತರ. ಬೆಳಿಗ್ಗೆ ನೆಟ್ಟರೆ ಸಸಿ ನೆಟ್ಟ ನಾಲ್ಕು ತಾಸಿನೊಳಗೇ ನಡುಬಿಸಿಲು ಕಾಣುತ್ತದೆ. ಸಂಜೆ ನೆಟ್ಟರೆ ಒಂದು ರಾತ್ರಿ ಸಿಗುತ್ತದೆ. ಆ ರಾತ್ರಿಯ ಬೆಲೆ ಯಾವ ಜೆಲ್‌ಗಿಂತಲೂ ಹೆಚ್ಚು. ನೆಡುವ ಮುನ್ನ ಟ್ರೇಯನ್ನು ನೀರಿನ ತೊಟ್ಟಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಅದ್ದಬೇಕು. ಒಮ್ಮೆ ಪೂರ್ತಿ ಒಣಗಿದ ನಾರಿನ ಪುಡಿ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಸುತ್ತಲ ಮಣ್ಣು ಕೆಸರಾಗಿದ್ದರೂ ನಡುವಿನ ಬೇರಿನ ಗಟ್ಟಿ (ಬೇರು ಮತ್ತು ಪುಡಿಯ ಉಂಡೆ) ಒಣಗೇ ಇರುತ್ತದೆ.

ಮಡಿಗೆ ಹೊದಿಸಿದ ಪ್ಲಾಸ್ಟಿಕ್ ಮಲ್ಚಿಂಗ್ ಶೀಟಿನ ತೂತು ಮೂರು ಇಂಚು, ಡ್ರಿಪ್ಪರ್‌ನಿಂದ ಎರಡು ಮೂರು ಇಂಚು ಪಕ್ಕಕ್ಕೆ. ಕುಣಿಯ ತಳಕ್ಕೆ ಜೆಲ್ ಒಂದು ಲೋಟ, ಅದರ ಮೇಲೆ ನಾರಿನ ಪುಡಿ, ಗೊಬ್ಬರ, ಕೆದರಿದ ಮಣ್ಣು ಸೇರಿಸಿ ಕೈಯಿಂದ ಕಲಸಿ, ಅದರ ಮೇಲೆ ಸಸಿ. ಜೆಲ್ ಬೇರಿನ ತಳದಿಂದ ಒಂದಿಂಚು ಕೆಳಗಿರಬೇಕು. ಬರೀ ಜೆಲ್ ಮೇಲೆ ಬೇರು ಕೂರಿಸಿದರೆ ಗಾಳಿಯಾಡದೆ ತುದಿ ಕಂದಾಗುತ್ತದೆ. ಕಾಂಡಕ್ಕೆ ತಾಗಿದರೆ ಬುಡ ಕೊಳೆಯುತ್ತದೆ. ಮೇಲೆ ಉಳಿದರೆ ಬಿಸಿಲಿಗೆ ಕುಗ್ಗಿ ಪೊಳ್ಳು ಬಿಡುತ್ತದೆ. ಒಣ ಪುಡಿಯನ್ನೇ ಕುಣಿಗೆ ಹಾಕಿ ಸಸಿ ನೆಟ್ಟು ನೀರು ಬಿಡುವುದು ಇನ್ನೂ ಕೆಟ್ಟದ್ದು. ರಾತ್ರಿ ಅದು ಉಬ್ಬಿ ಸಸಿಯನ್ನು ಮೇಲಕ್ಕೆ ತಳ್ಳುತ್ತದೆ, ಬೆಳಿಗ್ಗೆ ನೋಡಿದರೆ ಬೇರಿನ ಗಟ್ಟಿ ಅರ್ಧ ಹೊರಗಿರುತ್ತದೆ.

ನೆಟ್ಟ ಕೂಡಲೇ ತೂತಿನ ಅಂಚಿನ ಮೇಲೆ ಒಂದು ಹಿಡಿ ಮಣ್ಣು ಒತ್ತುವುದನ್ನು ಯಾರೂ ಬಿಡಬಾರದು. ಶೀಟಿನಡಿಯ ಬಿಸಿ ಗಾಳಿ ಹೊರಬರುವುದು ಆ ತೂತಿನಿಂದಲೇ. ಶೀಟು ಸಡಿಲವಾಗಿ ಗಾಳಿಗೆ ಪಟಪಟ ಅಲ್ಲಾಡಿದರೆ ಪ್ರತಿ ಬಡಿತಕ್ಕೂ ಬಿಸಿ ಗಾಳಿ ಕಾಂಡಕ್ಕೆ ಹೊಡೆಯುತ್ತದೆ.

ನೆರಳಿಗೆ ಸೀಳಿದ ತೆಂಗಿನ ಗರಿ. ಫೆಬ್ರವರಿ ಕೊನೆಗೆ ನಮ್ಮಲ್ಲಿ ಸೂರ್ಯ ಇನ್ನೂ ದಕ್ಷಿಣಕ್ಕೆ ವಾಲಿಯೇ ಇರುತ್ತಾನೆ. ಆದ್ದರಿಂದ ಗರಿಯನ್ನು ಸಸಿಯ ನೈಋತ್ಯಕ್ಕೆ ಚುಚ್ಚಿ ಸಸಿಯ ಕಡೆ ಬಗ್ಗಿಸಿದರೆ ಹನ್ನೆರಡರಿಂದ ನಾಲ್ಕರವರೆಗಿನ ಬಿಸಿಲಷ್ಟೇ ಮುರಿಯುತ್ತದೆ, ಬೆಳಗಿನ ಬಿಸಿಲು ಪೂರ್ತಿ ಸಿಗುತ್ತದೆ. ದೊಡ್ಡ ಹೊಲಕ್ಕೆ ಗರಿ ಹೊಂದಿಸುವುದು ಕಷ್ಟ. ಅಲ್ಲಿ ಮಡಿಯ ಮೇಲೆ 5–6 ಅಡಿಗೊಂದು ಬಿದಿರ ದಬ್ಬೆ ಬಗ್ಗಿಸಿ, ಕ್ರಾಪ್ ಕವರ್ ಎಂಬ ತೆಳು ಬಿಳಿ ಬಟ್ಟೆ ಹೊದಿಸಿ, ಅಂಚನ್ನು ಮಣ್ಣಲ್ಲಿ ಹೂಳುತ್ತಾರೆ. ನೆರಳು ಅದರಲ್ಲಿ ಕಡಿಮೆ. ಅದರ ದೊಡ್ಡ ಲಾಭ ನುಸಿ (ಥ್ರಿಪ್ಸ್), ಬಿಳಿನೊಣ ಒಳಗೆ ಬರದಿರುವುದು. ನುಸಿ ತರುವ ಮೊಗ್ಗು ಕೊಳೆ ನಂಜುರೋಗ ಒಮ್ಮೆ ಹೊಕ್ಕರೆ ಔಷಧಿಯೇ ಇಲ್ಲ. ಕವರ್ ಎಲೆಗೆ ತಾಗುವಷ್ಟು ತಗ್ಗಿದ್ದರೆ ತಾಗಿದ ಜಾಗ ಸುಡುತ್ತದೆ, ಒಂದೂವರೆ ಅಡಿಯಾದರೂ ಎತ್ತರ ಬೇಕು.

ಜೆಲ್, ನಾರಿನ ಪುಡಿ, ನೆರಳು ಮೂರೂ ಇರುವಾಗ ನೀರನ್ನು ಮೊದಲಿನಂತೆ ಕೊಟ್ಟರೆ ಸಸಿ ಸಾಯುವುದು ಒಣಗಿ ಅಲ್ಲ, ಕೊಳೆತು. ದಿನಕ್ಕೆ ಬೆಳಿಗ್ಗೆ 15 ನಿಮಿಷ, ಅಂದರೆ ಡ್ರಿಪ್ಪಿನ ತೂತಿಗೆ ಅರ್ಧ ಲೀಟರ್, ಅಷ್ಟೇ. ಮೂರನೇ ದಿನ ಎರಡು ಗಂಟೆಗೆ ಇಡೀ ಹೊಲ ತಲೆ ಬಗ್ಗಿಸಿತು. ಪಕ್ಕದ ಹೊಲದವರು ಬದುವಿನ ಮೇಲೆ ನಿಂತು, “ನೀರ್ ಬಿಡ್ರಣ್ಣಾ, ಹೋಗ್ಬಿಡ್ತದೆ” ಎಂದು ಕೂಗಿದರು. ಬಿಡಲಿಲ್ಲ, ಐದಕ್ಕೆ ಎಲೆ ಎದ್ದಿತು. ಮಧ್ಯಾಹ್ನ ಬಾಡಿ ಸಂಜೆ ಏಳುವುದು ಬೇರು ಇನ್ನೂ ಹರಡಿಲ್ಲ ಎಂಬುದರ ಗುರುತು, ನೀರಿಲ್ಲ ಎಂಬುದರದ್ದಲ್ಲ. ನೋಡಬೇಕಾದದ್ದು ಬೆಳಿಗ್ಗೆ ಏಳರ ಸಸಿಯನ್ನು. ಆ ಹೊತ್ತಿಗೂ ಜೋತಿದ್ದರೆ ಬೇರಿನ ಗಟ್ಟಿ ಒಣಗಿದೆ ಎಂದರ್ಥ, ಅಂಥವಕ್ಕೆ ಮಾತ್ರ ಚೊಂಬಿನಲ್ಲಿ ನಿಧಾನವಾಗಿ ನೀರು. ಮಣ್ಣಿನ ಮಟ್ಟದಲ್ಲಿ ಕಾಂಡ ನೀರು ತುಂಬಿದಂತೆ ಮೆತ್ತಗಾಗಿ ಸಣ್ಣಗಾಗಿದ್ದರೆ ಕೊಳೆ: ಆ ಸಾಲಿಗೆ ಒಂದು ದಿನ ನೀರು ನಿಲ್ಲಿಸಿ, ನೆರಳು ತೆಗೆದು, ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬೆರೆಸಿ ಬುಡಕ್ಕೆ 50 ಮಿ.ಲೀ. ಸುರಿಯಬೇಕು. ಶೀಟಿನ ಮಟ್ಟದಲ್ಲಿ ಒಣಗಿ ಕಂದಾಗಿದ್ದರೆ ಅದು ಬಿಸಿ ಗಾಳಿಯ ಸುಡು. ಔಷಧಿ ದಂಡ, ಮಣ್ಣು ಒತ್ತಿ.

ಐದನೇ ದಿನ ಮಡಿಯ ತುದಿಯ ಒಂದು ಹೆಚ್ಚುವರಿ ಸಸಿಯನ್ನು ಕರಣೆಯಿಂದ ಅಗಲವಾಗಿ ತೋಡಿ ಎತ್ತಲಾಯಿತು. ನಾರಿನ ಪುಡಿಯ ಆಚೆಗೆ ಬಿಳಿ ಬೇರು ನಾಲ್ಕು ಇಂಚು ಇಳಿದಿತ್ತು. ಕೂದಲಿನಷ್ಟು ತೆಳುವಾದ ಬೇರುಗಳು ಜೆಲ್ ಕಾಳುಗಳನ್ನು ಸುತ್ತಿಕೊಂಡಿದ್ದವು, ಕೆಲವು ಕಾಳನ್ನು ತೂರಿ ಆಚೆಗೆ ಹೋಗಿದ್ದವು. ನಡುವೆ ಹೊಸ ಎಲೆ ಬೆರಳುಗುರಿನಷ್ಟು ಬಿಚ್ಚಿತ್ತು. ಅಂದೇ ಸಂಜೆ ಗರಿಗಳನ್ನು ಕಿತ್ತದ್ದು. ಹೊಸ ಎಲೆ ಕಂಡ ಮೇಲೆ ನೆರಳು ಒಂದು ದಿನ ಹೆಚ್ಚಿದರೂ ಬಳ್ಳಿಯ ಗೆಣ್ಣು ಉದ್ದವಾಗಿ ಬಲ ಕಡಿಮೆಯಾಗುತ್ತದೆ. ಕೀಳುವುದು ಸಂಜೆಯೇ ಆಗಬೇಕು.

ಮೊದಲ ವಾರ ಗೊಬ್ಬರ ಬೇಡ, ಅದರಲ್ಲೂ ಕ್ಯಾಲ್ಸಿಯಂ ನೈಟ್ರೇಟ್ ಬೇಡವೇ ಬೇಡ. ಬೋರ್ ನೀರಿನ ಸುಣ್ಣ ಮಾಡುವ ಕೆಲಸವನ್ನೇ ಅದು ಇನ್ನೂ ಜೋರಾಗಿ ಮಾಡುತ್ತದೆ, ಉಬ್ಬಿದ ಜೆಲ್ ಮುದುಡುತ್ತದೆ. ಎಂಟನೇ ದಿನದಿಂದ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಎಕರೆಗೆ 1 ಕೆಜಿ ಡ್ರಿಪ್ಪಿನಲ್ಲಿ ಶುರು ಮಾಡಿದರಾಯಿತು. ಅಷ್ಟು ಹೊತ್ತಿಗೆ ಬೇರು ಜೆಲ್ ದಾಟಿರುತ್ತದೆ. ಕ್ರಾಪ್ ಕವರ್ ಹಾಕಿದವರು ಹೆಣ್ಣು ಹೂ ಕಂಡ ಕೂಡಲೇ ತೆಗೆಯಬೇಕು, ಜೇನು ಬಾರದೆ ಕಾಯಿ ಕಟ್ಟುವುದಿಲ್ಲ. ಖಾಲಿ ಕುಣಿಗೆ ಮರುನಾಟಿ ಮಾಡುವುದಿದ್ದರೆ ನಾಲ್ಕನೇ ದಿನದೊಳಗೆ, ಅದೇ ಟ್ರೇಯ ಉಳಿದ ಸಸಿಯಿಂದ. ಆಮೇಲೆ ಖಾಲಿ ಜಾಗವನ್ನು ಹಾಗೇ ಬಿಡಿ, ಪಕ್ಕದ ಬಳ್ಳಿಯನ್ನು ಅತ್ತ ತಿರುಗಿಸಿ.