ನ್ಯೂಯಾರ್ಕಿನ ಬ್ಯಾಣ

"ಇಷ್ಟು ದೂರ ಕರ್ಕೊಂಡು ಬಂದು ಒಣಹುಲ್ಲು ತೋರಿಸ್ತೀಯಲ್ಲೇ?" ಅಂದೆ ಮಗಳಿಗೆ. ನವೆಂಬರ್ ಮಧ್ಯದ ದಿನ. ಜರ್ಸಿ ಸಿಟಿಯಿಂದ ರೈಲಿನಲ್ಲಿ ಹಡ್ಸನ್ ನದಿಯಡಿ ಹಾದು, 14ನೇ ಬೀದಿಯಲ್ಲಿ ಇಳಿದು, ಚಳಿಗಾಳಿಗೆ ಶಾಲು ಬಿಗಿದುಕೊಂಡು, ಹಳೆಯ ರೈಲುಸೇತುವೆಯ ಮೇಲಿನ ತೋಟವಾದ ಹೈಲೈನ್‌ನ ಮೆಟ್ಟಿಲು ಹತ್ತಿದ್ದೆವು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಂಥದ್ದೇನೋ ಇರುತ್ತದೆ ಅಂದುಕೊಂಡಿದ್ದವಳು ನಾನು. ಕಂಡದ್ದು ಕಂದು, ಬೂದಿ, ಕಪ್ಪು.

1934ರಿಂದ ಇಲ್ಲಿ ಗೂಡ್ಸ್ ರೈಲು ಓಡುತ್ತಿತ್ತು, ಬೀದಿಯಿಂದ ಸುಮಾರು 30 ಅಡಿ ಮೇಲೆ. 1980ರಲ್ಲಿ ಕೊನೆಯ ರೈಲು ಹೋದಮೇಲೆ ಜಲ್ಲಿಯ ಸಂದಿಯಲ್ಲಿ ಧೂಳು ಕೂತು, ಗಾಳಿಗೆ ಬೀಜ ಬಂದು, ಯಾರೂ ಹೇಳದೆ ಕೇಳದೆ ಒಂದು ಕಾಡು ಬೆಳೆಯಿತು. ಕೆಡವಬೇಕೆಂದವರೇ ಹೆಚ್ಚು. 1999ರಲ್ಲಿ ಊರಿನ ಇಬ್ಬರು ಯುವಕರು ಇದನ್ನು ಉಳಿಸಲು ಸಂಘ ಕಟ್ಟಿದರು. 2009ಕ್ಕೆ ಮೊದಲ ಭಾಗ ಜನರಿಗೆ ತೆರೆಯಿತು. ಈಗ ಉದ್ದ ಎರಡು ಕಿಲೋಮೀಟರ್ ದಾಟಿದೆ, ಟಿಕೆಟ್ ಇಲ್ಲ.

ನನಗೆ ತಮಾಷೆ ಅನಿಸಿದ್ದು ಇದು: ತಾನಾಗಿ ಬೆಳೆದಿದ್ದ ಆ ಕಾಡನ್ನು ಪೂರ್ತಿ ತೆಗೆದೇ ತೋಟ ಮಾಡಿದ್ದು. ಹಳಿ ಎತ್ತಿ, ನಂಬರ್ ಹಾಕಿಟ್ಟು, ನೀರು ಸೋರದಂತೆ ತಳ ಮಾಡಿ, ಹೊಸ ಮಣ್ಣು ತುಂಬಿ, ಹಳಿಯನ್ನು ಮತ್ತೆ ತಂದಿಟ್ಟರು. ಕಾಡಿನಂತೆ ಕಾಣುವ ಪ್ರತಿ ಗಿಡದ ಜಾಗವನ್ನೂ ನೆದರ್ಲೆಂಡ್ಸಿನ ತೋಟ ವಿನ್ಯಾಸಕ ಪೀಟ್ ಔಡಾಲ್ಫ್ ಕಾಗದದ ಮೇಲೆ ಮೊದಲೇ ಬರೆದಿದ್ದರು. ಹೂವಿಗಿಂತ ಆಕಾರ ಅವರಿಗೆ ಮುಖ್ಯ. ಹೂ ಎರಡು ವಾರ. ಕಡ್ಡಿ, ಕಾಯಿ, ತೆನೆ ಆರು ತಿಂಗಳು.

ನಡೆಯುತ್ತಾ ಕಣ್ಣು ಹೊಂದಿಕೊಂಡಿತು. ಎಕಿನೇಸಿಯಾ ಹೂವಿನ ಎಸಳೆಲ್ಲ ಉದುರಿ ಮುಳ್ಳುಮುಳ್ಳಾದ ಕಪ್ಪು ಗುಂಡು ಉಳಿದಿತ್ತು. ಗುಬ್ಬಿಗಿಂತ ಚಿಕ್ಕ ಹಕ್ಕಿಯೊಂದು ಅದರ ಮೇಲೆ ತೂಗುತ್ತಾ ಬೀಜ ಕುಕ್ಕುತ್ತಿತ್ತು. ಪಕ್ಕದಲ್ಲಿ ಲಿಟಲ್ ಬ್ಲೂಸ್ಟೆಮ್ ಎಂಬ ಹುಲ್ಲು, ತಾಮ್ರದ ಬಣ್ಣಕ್ಕೆ ತಿರುಗಿ, ತುದಿಯಲ್ಲಿ ಬಿಳಿ ನವಿರು. ಬಿಸಿಲು ಹಿಂದಿನಿಂದ ಬಿದ್ದಾಗ ನಿಂತುಬಿಟ್ಟೆ. ಮಲೆನಾಡಿನ ಸಾಗರದ ನಮ್ಮ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಡಿಸೆಂಬರಿನ ಕರಡದ ಹುಲ್ಲು ಹೀಗೇ ಇರುತ್ತದೆ! ಅದನ್ನು ಹೊರೆ ಕಟ್ಟಿ ಕೊಟ್ಟಿಗೆಗೆ ಸಾಗಿಸಿದ್ದೇವೆಯೇ ಹೊರತು, ನಿಂತು ನೋಡಿದ್ದು ನೆನಪಿಲ್ಲ.

ನಮ್ಮ ಅಂಗಳದಲ್ಲಿ ವರ್ಷವರ್ಷ ಡೇರೆ ಹೂವಿನ (ಡೇಲಿಯಾ) ಗಡ್ಡೆ ಕಿತ್ತು, ಮಳೆಗಾಲಕ್ಕೆ ಮತ್ತೆ ನೆಟ್ಟು, ಕೋಲು ಕಟ್ಟಿ ನನ್ನ ಸೊಂಟ ಹೋಗಿದೆ. ಇಲ್ಲಿನವು ಹೆಚ್ಚಾಗಿ ಬಹುವಾರ್ಷಿಕಗಳು. ಮೇಲೆ ಸತ್ತರೂ ಬೇರು ಬದುಕಿರುತ್ತದೆ. ಮಣ್ಣು ಒಂದೂವರೆ ಅಡಿಯ ಆಸುಪಾಸು, ನಾಲ್ಕೂ ಕಡೆಯಿಂದ ಗಾಳಿ. ಅದನ್ನು ತಡೆಯುವ ಗಿಡಗಳನ್ನೇ ಆರಿಸಿ ಒತ್ತೊತ್ತಾಗಿ ನೆಟ್ಟರೆ ಕಳೆಗೆ ಜಾಗ ಸಿಗುವುದು ಕಷ್ಟ. ದಾರಿಯ ಕಾಂಕ್ರೀಟ್ ಹಲಗೆಗಳ ನಡುವೆ ಸಂದಿ ಬಿಟ್ಟಿದ್ದಾರೆ, ಮಳೆನೀರು ಇಳಿದು ಗಿಡದ ಬುಡಕ್ಕೇ ಹೋಗುತ್ತದೆ.

ಹಾಗಂತ ಕೆಲಸವೇ ಇಲ್ಲ ಅಂತಲ್ಲ. ಈ ದೇಶದಲ್ಲಿರಲು ನನಗೆ ಕೊಟ್ಟಿದ್ದ ಆರು ತಿಂಗಳು ಮುಗಿಯುವ ಮುಂಚೆ, ಮಾರ್ಚಿನಲ್ಲಿ, ಹಟ ಮಾಡಿ ಇನ್ನೊಮ್ಮೆ ಹೋದೆ. ಚಳಿಗಾಲವಿಡೀ ನಿಂತಿದ್ದ ಕಡ್ಡಿಗಳನ್ನು ಸ್ವಯಂಸೇವಕರು ಮಂಡಿಯೂರಿ ಕೈಗತ್ತರಿಯಲ್ಲಿ ಕತ್ತರಿಸುತ್ತಿದ್ದರು. ಬುಡದಲ್ಲಿ ನೇರಳೆ ಕ್ರೋಕಸ್ ಹೂ ಆಗಲೇ ಇಣುಕಿತ್ತು, ಅದಕ್ಕೇ ಅಷ್ಟು ಹುಷಾರು. ಹುಲ್ಲೆಲ್ಲ ಗೊಬ್ಬರಕ್ಕಂತೆ. ಈ ಕೆಲಸವೇ ವಾರಗಟ್ಟಲೆ ನಡೆಯುತ್ತದಂತೆ.

"ನಾಲ್ಕು ಆಳು, ನಾಲ್ಕು ಹಲ್ಲುಗತ್ತಿ ಇದ್ದಿದ್ರೆ ಮೂರು ದಿನದ ಕೆಲಸ" ಅಂದೆ.

"ಅಮ್ಮಾ, ಇಲ್ಲಿ ಕತ್ತಿ ಹಿಡ್ಕೊಂಡು ಮೆಟ್ಟಿಲು ಹತ್ತಿದ್ರೆ ಪೊಲೀಸ್ ಬರ್ತಾರೆ, ನಡಿ" ಅಂದಳು ಮಗಳು.