ಬರದ ಊರಲ್ಲಿ ಮಳೆ ಸುರಿಸುವ ಕೆಲಸ

ಸಿನಿಮಾ, ಸೀರಿಯಲ್‌ಗಳಿಗೆ ಹೊಗೆ, ಧೂಳು, ಬೆಂಕಿ, ಮಳೆ ಮಾಡಿಕೊಡುವುದು ನನ್ನ ಕೆಲಸ. ಹದಿನಾಲ್ಕು ವರ್ಷವಾಯಿತು. ಗ್ರಾಫಿಕ್ಸ್ ಬಂದ ಮೇಲೂ ನಿಮಗೆ ಕೆಲಸ ಸಿಗುತ್ತಾ ಅಂತ ಜನ ಕೇಳುತ್ತಾರೆ. ಸಿಗುತ್ತದೆ. ಕಲಾವಿದರ ಹುಬ್ಬಿನಿಂದ ನೀರು ಇಳಿಯಬೇಕು, ಮಾತಿನ ಮಧ್ಯೆ ಕಣ್ಣು ತಾನಾಗಿ ಮುಚ್ಚಬೇಕು ಅಂದರೆ ನಿಜವಾದ ನೀರೇ ಬೇಕು.

ಶುರುವಿನಲ್ಲಿ ಮಾಡಿದ ಒಂದು ತಪ್ಪು ಇವತ್ತಿಗೂ ಕಾಡುತ್ತದೆ. ಕೋಲಾರದ ಹತ್ತಿರ ನಮ್ಮ ಪಕ್ಕದ ಹಳ್ಳಿಯಲ್ಲೇ ಸೀರಿಯಲ್ ಶೂಟಿಂಗ್. ಏಪ್ರಿಲ್ ತಿಂಗಳು. ಮೇಸ್ತ್ರಿ ಬೇರೆ ಕಡೆ ಹೋಗಿದ್ದರಿಂದ ಮಳೆ ನನ್ನ ಪಾಲಿಗೆ ಬಂತು. ಏಣಿ ಹತ್ತಿ ಪೈಪನ್ನು ನೇರ ಕೆಳಕ್ಕೆ ಹಿಡಿದೆ. ಮಾನಿಟರ್‌ನಲ್ಲಿ ನೋಡಿದರೆ ತೋಟಕ್ಕೆ ನೀರು ಬಿಟ್ಟ ಹಾಗಿತ್ತು. ಇನ್ನೊಂದು ಕಡೆಯಿಂದ ಹಿಡಿದೆ, ಹನಿಯೇ ಕಾಣಲಿಲ್ಲ. ಹೀಗೆ ಐದೈದು ಸಾವಿರ ಲೀಟರಿನ ಮೂರು ಟ್ಯಾಂಕರ್ ಖಾಲಿ. ಒಂದು ಶಾಟೂ ಓಕೆ ಆಗಲಿಲ್ಲ.

ಬೇಲಿ ಪಕ್ಕ ಒಬ್ಬರು ಅಜ್ಜಿ ಬಿಂದಿಗೆ ಹಿಡಿದು ನಿಂತಿದ್ದರು. "ಏನಪ್ಪಾ, ಇಷ್ಟೊಂದು ನೀರು ಸುಮ್ನೆ ಮಣ್ಣಿಗೆ ಬಿಡ್ತೀಯಲ್ಲ, ನಂಗೆರಡು ಬಿಂದಿಗೆ ಹಾಕು" ಅಂದರು. ಹಾಕೋಣ ಅಂದರೆ ನೀರು ಉಳಿದಿರಲಿಲ್ಲ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆಸಿ ಬರೀ ಧೂಳು ಕಂಡ ಮನೆಗಳ ನಡುವೆ ಬೆಳೆದವನು ನಾನು.

ಮಾರನೇ ದಿನ ಮೇಸ್ತ್ರಿ ಬಂದು ಅದೇ ಸೀನನ್ನು ಒಂದೇ ಟ್ಯಾಂಕರ್‌ನಲ್ಲಿ ಮುಗಿಸಿದರು. ಪೈಪಿನ ಬಾಯಿಯನ್ನು ಆಕಾಶಕ್ಕೆ ತಿರುಗಿಸಿದರು. ನೀರು ಮೇಲೇರಿ, ಒಡೆದು, ತನ್ನ ಭಾರಕ್ಕೆ ತಾನೇ ಬಿದ್ದರೆ ಮಾತ್ರ ಅದು ಹನಿ. ಆಮೇಲೆ ಲೈಟನ್ನು ಮಳೆಯ ಹಿಂದಕ್ಕೆ ಹಾಕಿಸಿದರು. ಬರೀ ಮುಂದಿನಿಂದ ಬೆಳಕು ಬಿಟ್ಟರೆ ಎಷ್ಟು ಸುರಿದರೂ ಕ್ಯಾಮೆರಾಗೆ ಮಳೆ ಸರಿಯಾಗಿ ಕಾಣುವುದಿಲ್ಲ. ಹಾಲು ಬೆರೆಸಿದರೆ ಕಾಣುತ್ತೆ ಅನ್ನುವವರಿದ್ದಾರೆ. ಬೆಳಕು ಸರಿಯಿದ್ದರೆ ಅದರ ಅಗತ್ಯವೇ ಇಲ್ಲ. ನೆಲ, ಗೋಡೆಯನ್ನು ಮೊದಲೇ ಬಕೆಟ್‌ನಲ್ಲಿ ನೆನೆಸಿಟ್ಟರು. ಫ್ರೇಮಿಗೆ ಬೀಳುವಷ್ಟು ಜಾಗದಲ್ಲಿ ಮಾತ್ರ ಮಳೆ. ವಾಲ್ವ್ ತಿರುಗಿಸಿದ ತಕ್ಷಣ ಗಾಳಿ, ತುಕ್ಕು ಬುಸ್ ಅಂತ ಬರುತ್ತದೆ. ಅದು ಹೋಗಿ ಮಳೆ ಒಂದು ಹದಕ್ಕೆ ಬಂದ ಮೇಲೆ ಕ್ಯಾಮೆರಾ ರೋಲ್.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಈಗ ಶೂಟಿಂಗ್‌ಗೆ ಬಂದವರು "ಕೆರೆ ತುಂಬಿದೆಯಲ್ಲ, ಅದಕ್ಕೇ ಪಂಪ್ ಇಡಿ" ಅನ್ನುತ್ತಾರೆ. ಇಡುವುದಿಲ್ಲ. ಆ ನೀರು ಕಲಾವಿದರ ಕಣ್ಣು, ಬಾಯಿಗೆ ಹೋಗುತ್ತದೆ, ಅಲ್ವಾ? ಅವರ ಮೇಲೆ ಬೀಳುವುದು ಕುಡಿಯುವಂಥ ನೀರೇ ಆಗಿರಬೇಕು. ಚಳಿಗಾಲದ ರಾತ್ರಿಯಾದರೆ ಎರಡು ಡ್ರಮ್ ಬಿಸಿನೀರು ಕಾಯಿಸಿ ಬೆರೆಸುತ್ತೇನೆ. ಲೈಟಿನ ಕೇಬಲ್‌ಗಳು ನೆಲ ಬಿಟ್ಟು ಮೇಲೆ ಹೋಗಿವೆಯಾ ಅಂತ ನಾನೇ ನಡೆದು ನೋಡದೆ ವಾಲ್ವ್ ಮುಟ್ಟುವುದಿಲ್ಲ.

ಎರಡು ಟ್ಯಾಂಕರ್ ಸಾಕು ಅಂದರೆ ಮ್ಯಾನೇಜರ್‌ಗಳು ನಂಬುವುದಿಲ್ಲ, ಯಾವುದಕ್ಕೂ ಇರಲಿ ಅಂತ ಮೂರನೆಯದನ್ನೂ ತರಿಸುತ್ತಾರೆ. ಪ್ಯಾಕಪ್ ಆದ ಮೇಲೆ, ಗಂಟೆ ಎಷ್ಟೇ ಆಗಿರಲಿ, ಅದನ್ನು ಊರಿನ ತೊಟ್ಟಿಗೆ ಬಿಡಿಸಿಯೇ ನಾನು ವ್ಯಾನ್ ಹತ್ತುವುದು.