ಫೋಟೋದಲ್ಲಿರುವ ಬಣ್ಣ ನಿಜಕ್ಕೂ ಆಕಾಶದಲ್ಲಿದೆಯಾ?

"ಈ ಬಣ್ಣಾ ನೀನ ಹಚ್ಚೀಯೇನೋ ತಮ್ಮಾ?"

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಮೂರನೇ ಮಹಡಿಯ ಧಾರವಾಡದ ಅಜ್ಜಿ ಕೇಳಿದ್ದು. ನನ್ನ ಫೋನಿನಲ್ಲಿ ಒರಾಯನ್ ನೆಬ್ಯುಲಾದ ಫೋಟೋ ಇತ್ತು. ಆಫೀಸು, ಮದುವೆಮನೆ, ಲೋಕಲ್ ಟ್ರೇನು, ಎಲ್ಲಿ ಹೋದರೂ ಇದೇ ಪ್ರಶ್ನೆ. ಫೋಟೋದಲ್ಲಿ ಗುಲಾಬಿ, ಕೆಂಪು, ತಿಳಿನೀಲಿ. ತಲೆಯೆತ್ತಿ ನೋಡಿದರೆ ಏನೂ ಇಲ್ಲ. ಅನುಮಾನ ಬರುವುದು ಸಹಜ ಅಲ್ವಾ?

ಬಣ್ಣ ಅಲ್ಲಿಯದೇ. ನಾನು ಹಚ್ಚಿದ್ದಲ್ಲ.

ಒರಾಯನ್ ನೆಬ್ಯುಲಾ ಅಂದರೆ ಸುಮಾರು 1,350 ಜ್ಯೋತಿರ್ವರ್ಷ ದೂರದ ಅನಿಲದ ಮೋಡ. ಅದರೊಳಗೇ ಹುಟ್ಟಿದ ಬಿಸಿ ನಕ್ಷತ್ರಗಳ ಅತಿನೇರಳೆ ಬೆಳಕು ತಾಗಿ ಹೈಡ್ರೋಜನ್ ಕೆಂಪಗೆ ಹೊಳೆಯುತ್ತದೆ, ಸರಿಯಾಗಿ 656 ನ್ಯಾನೋಮೀಟರಿನಲ್ಲಿ. ಆಕ್ಸಿಜನ್ನಿನದು ಹಸಿರು-ನೀಲಿ. ಆದರೆ ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಕರೆಂಟು ಹೋದಾಗ ಕೆಂಪು ಸೀರೆಯೂ ಕಪ್ಪಾಗಿಯೇ ಕಾಣುತ್ತದೆ. ನಿಜ ಹೇಳಬೇಕೆಂದರೆ, ಸಾಮಾನ್ಯ ಕ್ಯಾಮೆರಾದ ಸೆನ್ಸರ್ ಮುಂದಿರುವ ಫಿಲ್ಟರ್ ಈ ಕೆಂಪನ್ನು ಬಹುಪಾಲು ತಡೆಯುತ್ತದೆ. ನನ್ನ ಫೋಟೋದಲ್ಲಿ ಕೆಂಪು ಜಾಸ್ತಿಯಲ್ಲ, ಕಮ್ಮಿಯೇ!

ಕಣ್ಣು ಬೆಳಕನ್ನು ಕೂಡಿಡುವುದಿಲ್ಲ, ಕ್ಯಾಮೆರಾ ಕೂಡಿಡುತ್ತದೆ. ನಮ್ಮ ಕೆಲಸವೆಲ್ಲ ಈ ಕೂಡಿಡುವುದರಲ್ಲೇ ಇದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಕ್ಯಾಮೆರಾ ಕೂಡ ಆಕಾಶದ ಜೊತೆ ತಿರುಗಬೇಕು. ಅದಕ್ಕೆ ಟ್ರ್ಯಾಕರ್ ಬೇಕು, ಅದರ ಅಕ್ಷ ಧ್ರುವ ನಕ್ಷತ್ರದ ಕಡೆಗಿರಬೇಕು. ಇಲ್ಲಿ ಧ್ರುವ ಬರೀ 19 ಡಿಗ್ರಿ ಎತ್ತರದಲ್ಲಿ, ನಮ್ಮ ಟೆರೇಸಿನಿಂದ ನೋಡಿದರೆ ಎದುರಿನ ಕಟ್ಟಡದ ಹಿಂದೆ. ಹಾಗಾಗಿ ಅಮಾವಾಸ್ಯೆ ಹತ್ತಿರ ಬಂದರೆ ಬ್ಯಾಗ್ ಹೆಗಲಿಗೇರಿಸಿ ಲೋಕಲ್ ಹಿಡಿದು ವಾಂಗಣಿಗೆ ಹೋಗುತ್ತೇನೆ. ಬದ್ಲಾಪುರ ದಾಟಿದರೆ ಮುಂದಿನ ಸ್ಟೇಷನ್. ಮಳೆಗಾಲದ ನಾಲ್ಕು ತಿಂಗಳು ಎಲ್ಲ ಬಂದ್. ಲೆನ್ಸಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟು ಕಾಯುವುದಷ್ಟೇ.

ಆ ಫೋಟೋ ಮಾತ್ರ ಟೆರೇಸಿನದೇ, ಜನವರಿಯದು. ದಿಕ್ಸೂಚಿ ಹಿಡಿದು ಅಂದಾಜಿನಲ್ಲಿ ಟ್ರ್ಯಾಕರ್ ಕೂರಿಸಿದೆ. 30 ಸೆಕೆಂಡಿನ 120 ಫ್ರೇಮ್, ಅಂದರೆ 120 ಬಿಡಿ ಫೋಟೋ, ಒಟ್ಟು ಒಂದು ಗಂಟೆಯ ಬೆಳಕು. ಒಂದೊಂದೇ ಫ್ರೇಮ್ ನೋಡಿದರೆ ಬೇಜಾರಾಗುತ್ತದೆ. ಬೀದಿದೀಪಗಳಿಂದ ಇಡೀ ಆಕಾಶ ಇಟ್ಟಿಗೆ ಬಣ್ಣ, ಮೇಲೆ ಮರಳು ಎರಚಿದಂತೆ ಕಾಳುಕಾಳು ಚುಕ್ಕೆ (ಇದಕ್ಕೆ ನಾಯ್ಸ್ ಅನ್ನುತ್ತೇವೆ), ನಡುವೆ ಹೆಬ್ಬೆರಳಲ್ಲಿ ಒರೆಸಿದಂಥ ಒಂದು ಮಸುಕು. ನಾಯ್ಸ್ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಥರ ಬೀಳುತ್ತದೆ. ನೆಬ್ಯುಲಾದ ಬೆಳಕು ಇದ್ದಲ್ಲೇ ಇರುತ್ತದೆ. ನೂರು ಫ್ರೇಮ್ ಒಂದರ ಮೇಲೊಂದಿಟ್ಟು ಸರಾಸರಿ ತೆಗೆದರೆ ನಾಯ್ಸ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಮೇಲೆ ಊರಿನ ಬೆಳಕನ್ನು ಕಳೆದು, ಮಂದವಾಗಿ ಉಳಿದದ್ದನ್ನು ಮೇಲೆತ್ತುತ್ತೇನೆ. ಇಲ್ಲದ್ದನ್ನು ಸೇರಿಸುವುದಿಲ್ಲ.

ಬೇಕೆಂದೇ ಬಣ್ಣ ಬದಲಿಸುವ ಪದ್ಧತಿಯೂ ಇದೆ. ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಿ ಎಷ್ಟೋ ಸಲ ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಕ್ಸಿಜನ್ನಿಗೆ ನೀಲಿ ಕೊಟ್ಟಿರುತ್ತಾರೆ. ಯಾವ ಅನಿಲ ಎಲ್ಲಿದೆ ಅಂತ ಬೇರೆಯಾಗಿ ಕಾಣಲಿ ಅಂತ. ಅದು ತಪ್ಪಲ್ಲ. ಹಾಗೆ ಮಾಡಿದರೆ ಫೋಟೋದ ಕೆಳಗೆ ಬರೆಯಬೇಕು, ಅಷ್ಟೇ.

ಅಜ್ಜಿಗೆ ಲ್ಯಾಪ್‌ಟಾಪಿನಲ್ಲಿ ಮೊದಲು ಒಂದೇ ಫ್ರೇಮ್ ತೋರಿಸಿದೆ. ಆಮೇಲೆ ಹತ್ತು ಸೇರಿದ್ದು. ಆಮೇಲೆ ನೂರಿಪ್ಪತ್ತೂ. ಅವರು ಮತ್ತೆ ಮೊದಲನೆಯದಕ್ಕೆ ಹೋಗು ಅಂದರು. ಕನ್ನಡಕ ಸರಿಮಾಡಿಕೊಂಡು ಆ ಮಸುಕಿನ ಮೇಲೆ ಬೆರಳಿಟ್ಟರು.

"ಇಲ್ಲೇ ಅದ ಅಲ್ಲೋ. ಸ್ವಲ್ಪ ಕೆಂಪs ಅದ."